ಪೋಪ್‌ಗಿಂತ ನಾಲ್ಕು ನೂರು ವರ್ಷ ಮೊದಲೇ ಹೇಳಿದ ಗಿರಣಿಯವ

2024ರ ಸೆಪ್ಟೆಂಬರ್ 13. ಸಿಂಗಪುರದ ಕ್ಯಾಥೋಲಿಕ್ ಜೂನಿಯರ್ ಕಾಲೇಜಿನಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿಯರು ಸೇರಿದ್ದರು. ಪೋಪ್ ಫ್ರಾನ್ಸಿಸ್ ಬರೆದು ತಂದಿದ್ದ ಭಾಷಣ ಪಕ್ಕಕ್ಕಿಟ್ಟು ಮನಸ್ಸಿಗೆ ತೋಚಿದಂತೆ ನೇರವಾಗಿ ಮಾತಾಡಿದರು. ಎಲ್ಲ ಧರ್ಮಗಳೂ ದೇವರ ಕಡೆ ಹೋಗುವ ದಾರಿಗಳೇ, ಭಾಷೆಗಳು ಬೇರೆ ಬೇರೆ ಇರುವ ಹಾಗೆ ಇವೂ ಬೇರೆ ಬೇರೆ ಅಂದರು. ನನ್ನ ಧರ್ಮ ನಿಜ, ನಿನ್ನದು ಸುಳ್ಳು ಅಂತ ಜಗಳಕ್ಕೆ ನಿಂತರೆ ಎಲ್ಲಿಗೆ ಮುಟ್ಟುತ್ತೇವೆ ಅಂತಲೂ ಕೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅತ್ತ ಕೆಲವು ಬಿಷಪ್‌ಗಳು ಬಹಿರಂಗವಾಗಿಯೇ ತಕರಾರು ತೆಗೆದರು. ಹಾಗಾದರೆ ಚರ್ಚು ಯಾಕೆ, ಶಿಲುಬೆ ಯಾಕೆ ಅನ್ನುವುದು ಅವರ ಪ್ರಶ್ನೆ. ಫ್ರಾನ್ಸಿಸ್ ತೀರಿಕೊಂಡ ಮೇಲೂ ಆ ವಾದ ಮುಗಿದಿಲ್ಲ.

ಈ ಜಗಳದಲ್ಲಿ ಎರಡೂ ಕಡೆಯವರು ಒಂದು ಮಾತನ್ನು ಸುಮ್ನೆ ಒಪ್ಪಿಕೊಂಡುಬಿಡುತ್ತಾರೆ. ಪರಧರ್ಮ ಸಹನೆ ಅನ್ನುವುದು ಹೊಸ ಕಾಲದ ಸರಕು, ಓದಿದವರಿಂದ ಬಂದದ್ದು ಅಂತ. ಹೊಗಳುವವರು ಅದನ್ನು 17-18ನೇ ಶತಮಾನದ ತತ್ವಜ್ಞಾನಿಗಳ ಕೊಡುಗೆ ಅನ್ನುತ್ತಾರೆ. ತೆಗಳುವವರು ಆಧುನಿಕತೆಯ ಕಾಯಿಲೆ ಅನ್ನುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಅದೇ ಮಾತನ್ನು ಕ್ಯಾಥೋಲಿಕ್ ಯುರೋಪಿನ ರೈತರು, ಗೃಹಿಣಿಯರು, ಹೇಸರಗತ್ತೆ ಹೊಡೆಯುವವರು, ನಾವಿಕರು 15ನೇ ಶತಮಾನದಿಂದಲೂ ಆಡುತ್ತಿದ್ದರು. ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಆಡಿದ್ದಕ್ಕೆ ಕೆಲವರು ಚಾಟಿ ಏಟು ತಿಂದರು. ಒಬ್ಬ ಪ್ರಾಣವನ್ನೇ ಕೊಟ್ಟ.

ಸ್ಪೇನಿನಲ್ಲಿ ಇದಕ್ಕೆ ಒಂದು ರೆಡಿ ಮಾತೇ ಇತ್ತು: ‘ಕಾದಾ ಉನೋ ಸೆ ಪುಯೆದೆ ಸಾಲ್ವಾರ್ ಎನ್ ಸು ಲೆಯ್.’ ಪ್ರತಿಯೊಬ್ಬನಿಗೂ ಅವನವನ ‘ಲೆಯ್’ನಲ್ಲೇ ಸದ್ಗತಿ ಸಿಗಬಹುದು. ಲೆಯ್ ಅಂದರೆ ಕಾನೂನು, ಕಟ್ಟಳೆ. ಆದರೆ ಆ ಕಾಲದ ಜನ ಯಹೂದಿಗಳ ಲೆಯ್, ಮುಸ್ಲಿಮರ ಲೆಯ್, ಕ್ರೈಸ್ತರ ಲೆಯ್ ಅಂತ ಮೂರನ್ನೂ ಒಂದೇ ಪದದಲ್ಲಿ ಕರೆಯುತ್ತಿದ್ದರು. ನಾವು ‘ಅವರವರ ಧರ್ಮ ಅವರಿಗೆ’ ಅನ್ನುತ್ತೇವಲ್ಲ, ಹೆಚ್ಚುಕಮ್ಮಿ ಅದೇ ದನಿ. ಸೋರಿಯಾ, ಕುಯೆಂಕಾ ಕಡೆಯ ಹಳ್ಳಿಗಳಲ್ಲಿ 1480-90ರ ಸುಮಾರಿಗೇ ಇಂಥ ಮಾತು ದಾಖಲಾಗಿದೆ. ಒಳ್ಳೆಯ ಯಹೂದಿ, ಒಳ್ಳೆಯ ಮುಸ್ಲಿಂ ಇಬ್ಬರೂ ಒಳ್ಳೆಯ ಕ್ರೈಸ್ತನ ಹಾಗೇ ಸ್ವರ್ಗಕ್ಕೆ ಹೋಗುತ್ತಾರೆ ಅಂತ ಒಬ್ಬರು. ಇಲ್ಲದಿದ್ದರೆ ದೇವರು ಅವರನ್ನು ಹುಟ್ಟಿಸಿದ್ದಾದರೂ ಯಾತಕ್ಕೆ ಅಂತ ಇನ್ನೊಬ್ಬರು. ಮುಸ್ಲಿಂ ರಾಜ್ಯವಾಗಿದ್ದ ಗ್ರಾನಡಾದ ಮೇಲೆ ದಂಡು ಹೊರಟಾಗ, ಪಾಪ ಆ ಮುಸ್ಲಿಮರು ನಮ್ಮ ರಾಜನಿಗೆ ಏನು ಕೆಡುಕು ಮಾಡಿದ್ದಾರೆ ಅಂತ ಗೊಣಗಿದವರೂ ಇದ್ದರು.

ಈ ಮಾತುಗಳು ನಮ್ಮ ತನಕ ಬಂದದ್ದು ಹೇಗೆ? ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕೋರ್ಟು ಬರೆದಿಟ್ಟಿದ್ದರಿಂದ. ಸ್ಪೇನಿನ ಇನ್‌ಕ್ವಿಸಿಷನ್‌ಗೆ ಪೋಪ್ ಒಪ್ಪಿಗೆ ಕೊಟ್ಟದ್ದು 1478ರಲ್ಲಿ. ಪೋರ್ಚುಗಲ್‌ನದು 1536ರಲ್ಲಿ, ರೋಮ್‌ನದು 1542ರಲ್ಲಿ ಶುರುವಾದವು. ಭಾನುವಾರದ ಪೂಜೆಯಲ್ಲಿ ಒಂದು ಫರ್ಮಾನು ಓದುತ್ತಿದ್ದರು. ಧರ್ಮಕ್ಕೆ ವಿರುದ್ಧವಾದ ಮಾತು ಯಾರ ಬಾಯಲ್ಲಾದರೂ ಕೇಳಿದ್ದರೆ ಇಷ್ಟು ದಿನದೊಳಗೆ ಬಂದು ಹೇಳಿ, ಇಲ್ಲದಿದ್ದರೆ ಬಹಿಷ್ಕಾರ ಅಂತ. ಆಮೇಲೆ ಹೆಂಡದಂಗಡಿ, ಹೊಲ, ಹಡಗು, ಜೈಲು ಎಲ್ಲ ಕಡೆಯಿಂದ ಚಾಡಿ ಬರುತ್ತಿತ್ತು. ಕೋರ್ಟಿನ ಬರಹಗಾರ ಮಾತು ಮಾತನ್ನೂ ಬರೆದುಕೊಳ್ಳುತ್ತಿದ್ದ. ಇಂಥ ಕೇಸುಗಳಿಗೆ ‘ಪ್ರೊಪೊಸಿಸಿಯೋನೆಸ್’ ಅಂತ ಹೆಸರು. ಅಂದರೆ, ಏನೂ ಮಾಡದೆ ಬರೀ ಬಾಯಿಬಿಟ್ಟು ಮಾಡಿಕೊಂಡ ತಪ್ಪು. (ಇದರಲ್ಲಿ ಪದೇ ಪದೇ ಕಾಣುವ ಇನ್ನೊಂದು ಮಾತು, ಮದುವೆಯಾಗದ ಗಂಡು ಹೆಣ್ಣು ಕೂಡಿದರೆ ಪಾಪವೇನಲ್ಲ ಅನ್ನುವುದು. ಜನ ಸ್ವರ್ಗದ ಬಗ್ಗೆ ಮಾತ್ರ ಯೋಚಿಸುತ್ತಿದ್ದರು ಅಂದುಕೊಳ್ಳುವುದು ಬೇಡ.)

ಸಾಮಾನ್ಯವಾಗಿ ಶಿಕ್ಷೆ ಅಷ್ಟೇನೂ ಘೋರವಲ್ಲ. ತಪ್ಪಾಯಿತು, ಕುಡಿದಿದ್ದೆ, ದಡ್ಡ ನಾನು, ಪಾದ್ರಿಗಳು ಹೇಳಿದ್ದು ತಲೆಗೆ ಹತ್ತಲಿಲ್ಲ ಅಂದರೆ ದಂಡ ಹಾಕಿ, ಮೇಣದಬತ್ತಿ ಹಿಡಿಸಿ ಚರ್ಚಿನಲ್ಲಿ ನಿಲ್ಲಿಸಿ, ಕೆಲವರಿಗೆ ಚಾಟಿ ಏಟು ಕೊಟ್ಟು ಬಿಡುತ್ತಿದ್ದರು. ಹಟ ಹಿಡಿದವರ ಗತಿ ಬೇರೆ.

ಹಟ ಹಿಡಿದವನೊಬ್ಬನನ್ನು ಹತ್ತಿರದಿಂದ ನೋಡೋಣ. ಇಟಲಿಯ ಈಶಾನ್ಯ ಮೂಲೆಯಲ್ಲಿ ಫ್ರಿಯುಲಿ ಸೀಮೆ. ಅಲ್ಲಿ ಮೊಂತೆರೆಯಾಲೆ ಅಂತ ಬೆಟ್ಟದ ಬುಡದ ಊರು. ಅಲ್ಲಿ 1532ರಲ್ಲಿ ಹುಟ್ಟಿದ ದೊಮೆನಿಕೊ ಸ್ಕಾಂದೆಲ್ಲಾನನ್ನು ಎಲ್ಲರೂ ಕರೆಯುತ್ತಿದ್ದುದು ಮೆನೊಕ್ಕಿಯೊ ಅಂತ. ಹಿಟ್ಟಿನ ಗಿರಣಿ ಅವನ ಜೀವನ. ಹನ್ನೊಂದು ಮಕ್ಕಳಲ್ಲಿ ನಾಲ್ವರು ತೀರಿಹೋಗಿದ್ದರು. ಯಾವಾಗಲೂ ಗಿರಣಿಯವರ ಬಿಳಿ ಬಟ್ಟೆ. ವಿಚಾರಣೆಗೆ ಬಂದಾಗಲೂ ಬಿಳಿ ಅಂಗಿ, ಬಿಳಿ ನಿಲುವಂಗಿ, ಬಿಳಿ ಟೋಪಿ. ಅವನಿಗೆ ಓದಲು ಬರುತ್ತಿತ್ತು. ಕೈಗೆ ಸಿಕ್ಕಿದ ಪುಸ್ತಕ ಓದುತ್ತಿದ್ದ, ಓದಿದ್ದನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತಿದ್ದ. ಹಾಲು ಗಟ್ಟಿಯಾಗಿ ಚೀಸ್ ಆಗುತ್ತದೆ, ಅದರಲ್ಲಿ ಹುಳ ಹುಟ್ಟುತ್ತದೆ, ಲೋಕ ಹುಟ್ಟಿದ್ದೂ ದೇವದೂತರು ಬಂದದ್ದೂ ಹಾಗೇ ಅನ್ನುವುದು ಅವನ ಪ್ರಸಿದ್ಧ ವಾದ. ಕೋರ್ಟುಗಳಲ್ಲಿ ಲ್ಯಾಟಿನ್ ಮಾತಾಡುವುದು ಬಡವರಿಗೆ ಮಾಡುವ ದ್ರೋಹ ಅಂತ ವಿಚಾರಣೆಯಲ್ಲೇ ಹೇಳಿದ. ಈ ಮಾತನ್ನು ಇವತ್ತು ನಮ್ಮ ಕೋರ್ಟುಗಳ ಇಂಗ್ಲಿಷಿಗೂ ಹೇಳಬಹುದು ಅಲ್ವಾ?

ನಮಗೆ ಬೇಕಾದ ಮಾತು 1584ರ ವಿಚಾರಣೆಯದು. ದೇವರು ಪವಿತ್ರಾತ್ಮವನ್ನು ಎಲ್ಲರಿಗೂ ಕೊಟ್ಟಿದ್ದಾನೆ ಅಂದ ಮೆನೊಕ್ಕಿಯೊ. ಕ್ರೈಸ್ತರಿಗೂ, ಧರ್ಮದ್ರೋಹಿಗಳಿಗೂ, ತುರ್ಕರಿಗೂ (ಅಂದರೆ ಮುಸ್ಲಿಮರಿಗೂ), ಯಹೂದಿಗಳಿಗೂ. ಎಲ್ಲರೂ ಅವನಿಗೆ ಬೇಕಾದವರೇ, ಎಲ್ಲರಿಗೂ ಒಂದೇ ಥರ ಸದ್ಗತಿ. ಹದಿನೈದು ವರ್ಷ ಆದಮೇಲೆ, 1599ರಲ್ಲಿ ಎರಡನೇ ಸಲ ಹಿಡಿದಾಗ ಒಂದು ಕಥೆ ಹೇಳಿದ. ಒಬ್ಬ ದೊಡ್ಡ ಸಾಹುಕಾರ. ತನ್ನ ಉಂಗುರ ಯಾರ ಹತ್ತಿರ ಇರುತ್ತದೋ ಅವನೇ ವಾರಸುದಾರ ಅಂತ ಸಾರಿದ. ಆದರೆ ಇದ್ದ ಮೂವರು ಮಕ್ಕಳ ಮೇಲೂ ಪ್ರೀತಿ. ಹಾಗಾಗಿ ಅದೇ ಥರದ ಇನ್ನೆರಡು ಉಂಗುರ ಮಾಡಿಸಿ ಮೂವರಿಗೂ ಒಂದೊಂದು ಕೊಟ್ಟ. ಈಗ ಪ್ರತಿಯೊಬ್ಬನೂ ತನ್ನದೇ ಅಸಲಿ ಅನ್ನುತ್ತಾನೆ. ದೇವರಿಗೂ ಕ್ರೈಸ್ತ, ತುರ್ಕ, ಯಹೂದಿ ಅಂತ ಮೂವರು ಮಕ್ಕಳು, ಯಾವುದು ಅಸಲಿ ಅಂತ ಯಾರಿಗೆ ಗೊತ್ತು?

ಹಾಗಾದರೆ ಯಾವ ಧರ್ಮ ನಿಜ ಅನ್ನುವುದು ಗೊತ್ತಿಲ್ಲ ಅನ್ನುತ್ತೀಯಾ ಅಂತ ವಿಚಾರಣೆ ಮಾಡುವವ ಬಿಡದೆ ಕೇಳಿದ. ಮೆನೊಕ್ಕಿಯೊ ಕೊಟ್ಟ ಉತ್ತರದ ಸಾರ ಇದು: ಹೌದು ಸ್ವಾಮಿ, ಪ್ರತಿಯೊಬ್ಬರೂ ತಮ್ಮದೇ ಸರಿ ಅಂದುಕೊಂಡಿರುತ್ತಾರೆ. ಯಾವುದು ಸರಿ ನಮಗೆ ಗೊತ್ತಿಲ್ಲ. ನನ್ನ ಅಜ್ಜ, ಅಪ್ಪ, ನಮ್ಮವರೆಲ್ಲ ಕ್ರೈಸ್ತರು. ಅದಕ್ಕೇ ನಾನೂ ಕ್ರೈಸ್ತನಾಗಿಯೇ ಇರುತ್ತೇನೆ, ಇದೇ ಸರಿ ಅಂತ ನಂಬುತ್ತೇನೆ.

ಈ ಉತ್ತರವನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಇದರಲ್ಲಿ ಧರ್ಮ ಬಿಡುವ ಮಾತಿಲ್ಲ, ಉಡಾಫೆಯಿಲ್ಲ. ಅಪ್ಪ ಅಜ್ಜನ ದಾರಿ ಅಂತ ತನ್ನದನ್ನು ಹಿಡಿದುಕೊಳ್ಳುತ್ತಾನೆ. ಅದೇ ಲೆಕ್ಕದಲ್ಲಿ ತುರ್ಕನಿಗೂ ಅವನ ಅಪ್ಪ ಅಜ್ಜನ ದಾರಿ ಇರುತ್ತದೆ. ಇಷ್ಟು ಸರಳ. ಕೋರ್ಟಿಗೆ ಹೆದರಿಕೆ ಹುಟ್ಟಿಸಿದ್ದೂ ಇದೇ ಇರಬೇಕು. ರೋಮಿನಿಂದ ಪೋಪ್ ಎಂಟನೇ ಕ್ಲೆಮೆಂಟ್ ಹೆಸರಿನಲ್ಲಿ ಒತ್ತಾಯದ ಕಾಗದಗಳು ಬಂದವು. ಆಮೇಲೆ ಅವನನ್ನು ಕೊಂದರು.

ಆದರೆ ಮೆನೊಕ್ಕಿಯೊ ಕಥೆಯಲ್ಲಿ ಹೆಚ್ಚು ಜನ ಗಮನಿಸದ ಭಾಗ ಅವನ ಊರಿನವರದು. ಅವನು ಹೀಗೆ ಮಾತಾಡುತ್ತಿದ್ದುದು ಎಷ್ಟೋ ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು. ಸಿಕ್ಕಸಿಕ್ಕವರ ಜೊತೆ ವಾದ ಮಾಡುತ್ತಾನೆ ಅಂತ ಬೈಯುತ್ತಿದ್ದರು. ಆದರೂ 1581ರಲ್ಲಿ ಊರಿನ ಮುಖ್ಯಸ್ಥನಾಗಿದ್ದ. ಮೊದಲನೇ ವಿಚಾರಣೆ ಮುಗಿದು ಸುಮಾರು ಎರಡು ವರ್ಷ ಜೈಲಿನಲ್ಲಿ ಕಳೆದು 1586ರಲ್ಲಿ ಬಂದ. ಶಿಲುಬೆ ಗುರುತಿನ ಅವಮಾನದ ಬಟ್ಟೆ ಮೈಮೇಲೆ ಇರಲೇಬೇಕು, ಊರು ಬಿಟ್ಟು ಹೋಗುವಂತಿಲ್ಲ ಅಂತ ಷರತ್ತು. ಆ ಬಟ್ಟೆ ನೋಡಿ ಗಿರಾಕಿಗಳು ದೂರ ಹೋಗುತ್ತಾರೆ, ತೆಗೆಯಲು ಬಿಡಿ ಅಂತ ಕೇಳಿಕೊಂಡ. ಇಂಥವನನ್ನು 1590ರಲ್ಲಿ ಊರಿನವರು ಮತ್ತೆ ಚರ್ಚಿನ ಹಣಕಾಸು ನೋಡಿಕೊಳ್ಳುವವನಾಗಿ ಕೂರಿಸಿದರು. ಯೋಚಿಸಿ ನೋಡಿ. ಧರ್ಮದ್ರೋಹಿ ಅಂತ ತೀರ್ಪಾದವನ ಕೈಗೆ ಚರ್ಚಿನ ದುಡ್ಡು! ಅವನ ತತ್ವವನ್ನು ಊರು ಒಪ್ಪಿತ್ತು ಅಂತಲ್ಲ. ಲೆಕ್ಕ ಸರಿಯಾಗಿ ಇಡುತ್ತಾನೆ, ನಮ್ಮವನು, ತಲೆ ಸ್ವಲ್ಪ ಹಾಗೆ, ಇರಲಿ ಬಿಡಿ. ‘ಇರಲಿ ಬಿಡಿ’ ಅನ್ನುವುದನ್ನು ಸಹನೆ ಅನ್ನಬಹುದೇ? ನನ್ನ ಮಟ್ಟಿಗೆ ಹೌದು. ಜಗತ್ತಿನ ಬಹುಪಾಲು ಸಹನೆ ಇಷ್ಟೇ ಇರುತ್ತದೆ.

ಇಷ್ಟೇ ಆಗಿದ್ದರೂ ಅದಕ್ಕೆ ಬೇರೆ ಬೇರೆ ಬೇರುಗಳಿದ್ದವು. ಮೊದಲನೆಯದು ನ್ಯಾಯ. ದೇವರು ಕರುಣಾಮಯಿ ಅಂತ ಪ್ರತಿ ವಾರ ಹೇಳುವ ಪಾದ್ರಿಯೇ ಆಚೆ ಬೀದಿಯವರೆಲ್ಲ ನರಕಕ್ಕೆ ಅಂದರೆ, ಕೇಳುವವನ ಲೆಕ್ಕ ಕೂಡುವುದಿಲ್ಲ. ಇನ್ನೊಂದು ನೆರೆಹೊರೆ. ಸ್ಪೇನಿನಲ್ಲಿ ಯಹೂದಿಗಳನ್ನು ಹೊರಹಾಕಿದ್ದು 1492ರಲ್ಲಿ. ಮತಾಂತರವಾಗಿದ್ದ ಮುಸ್ಲಿಮರನ್ನು, ಅಂದರೆ ಮೊರಿಸ್ಕೊಗಳನ್ನು ಕಳಿಸಿದ್ದು 1609ರಿಂದ 1614ರವರೆಗೆ. ಸುಮಾರು ಮೂರು ಲಕ್ಷ ಜನ. ಮತಾಂತರವಾದ ಮನೆಯಲ್ಲಿ ಹಳೆಯ ನಂಬಿಕೆಯಲ್ಲೇ ಸತ್ತ ಅಜ್ಜಿ ಇರುತ್ತಾಳೆ. ಅವಳು ಈಗ ನರಕದಲ್ಲಿ ಬೇಯುತ್ತಿದ್ದಾಳೆ ಅಂತ ಯಾವ ಮೊಮ್ಮಗ ಒಪ್ಪುತ್ತಾನೆ? ಮೂರನೆಯದು ಅನುಮಾನ. ಹುಟ್ಟೋದು ಸಾಯೋದು ಬಿಟ್ಟರೆ ಬೇರೇನಿಲ್ಲ ಅನ್ನುವ ಮಾತೂ ಅದೇ ಕಡತಗಳಲ್ಲಿದೆ. ಸ್ವರ್ಗವೇ ಇಲ್ಲ ಅಂದವನಿಗೆ ಅಲ್ಲಿ ಯಾರಿಗೆ ಸೀಟು ಅನ್ನುವ ಜಗಳ ಯಾಕೆ?

ತಿರುಗಾಟವೂ ಒಂದು. ಕಡಲಿನವರು, ಸೆರೆಸಿಕ್ಕಿ ಮುಸ್ಲಿಮರ ಆಳ್ವಿಕೆಯ ಅಲ್ಜೀರ್ಸ್‌ನಲ್ಲಿ ವರ್ಷಗಟ್ಟಲೆ ಇದ್ದು ಬಂದವರು ಕಣ್ಣಾರೆ ನೋಡಿದ್ದರು. ಆಚೆಯವರೂ ಪ್ರಾರ್ಥನೆ ಮಾಡುತ್ತಾರೆ, ಭಿಕ್ಷೆ ಹಾಕುತ್ತಾರೆ, ಮಕ್ಕಳಿಗೆ ಜ್ವರ ಬಂದರೆ ಅಳುತ್ತಾರೆ.

ಕಡಲಿನ ಮಾತು ಬಂದಾಗ ಲಾಂಪೆಡೂಸಾ ದ್ವೀಪ ಬಿಡುವ ಹಾಗಿಲ್ಲ. ಆಫ್ರಿಕಾದಿಂದ ದೋಣಿಯಲ್ಲಿ ಬರುವ ವಲಸೆಗಾರರ ಸುದ್ದಿಯಲ್ಲಿ ಈ ಹೆಸರು ಕೇಳಿರುತ್ತೀರಿ. ಫ್ರಾನ್ಸಿಸ್ ಪೋಪ್ ಆದಮೇಲೆ ರೋಮಿನಿಂದಾಚೆಗೆ ಹೋದ ಮೊದಲ ಪ್ರವಾಸವೂ ಅಲ್ಲಿಗೇ, 2013ರ ಜುಲೈನಲ್ಲಿ. 16-17ನೇ ಶತಮಾನದಲ್ಲಿ ಅಲ್ಲಿ ಹೆಚ್ಚು ಜನವಸತಿ ಇರಲಿಲ್ಲ. ಒಂದು ಗುಹೆ ಇತ್ತು. ಒಂದು ಬದಿಯಲ್ಲಿ ಮೇರಿಮಾತೆಯ ಚಿತ್ರ, ಇನ್ನೊಂದು ಬದಿಯಲ್ಲಿ ಒಬ್ಬ ಮುಸ್ಲಿಂ ಸಂತನ ಗೋರಿ. ನೀರಿಗಾಗಿ ನಿಂತ ಹಡಗಿನವರು, ಯಾವ ಧರ್ಮದವರೇ ಆಗಲಿ, ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಒಣ ರೊಟ್ಟಿ, ಬಟ್ಟೆ, ದುಡ್ಡು ಇಟ್ಟು ಹೋಗುತ್ತಿದ್ದರು. ಹಡಗೊಡೆದು ಬಂದವನೋ ಜೀತದಿಂದ ತಪ್ಪಿಸಿಕೊಂಡವನೋ ಅದರಿಂದ ಬದುಕಬಹುದಿತ್ತು. ಬೇಕಾದ್ದು ತೆಗೆದುಕೊಂಡವರು ಬದಲಿಗೆ ಏನಾದರೂ ಇಡಬೇಕು. ಇಡದೆ ಕದ್ದವರ ಹಡಗು ಬಂದರು ಬಿಟ್ಟು ಹೊರಡುವುದೇ ಇಲ್ಲ ಅಂತ ನಂಬಿಕೆ. ಇದೇ ಹಡಗಿನವರು ಕಡಲಿನ ನಡುವೆ ಎದುರಾದರೆ ಒಬ್ಬರನ್ನೊಬ್ಬರು ಹಿಡಿದು ಗುಲಾಮರಾಗಿ ಮಾರುತ್ತಿದ್ದರು. ಗುಹೆಯೊಳಗೆ ಮಾತ್ರ ರೊಟ್ಟಿಗೆ ಧರ್ಮವಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಸಾಮಾನ್ಯ ಜನ ಒಳ್ಳೆಯವರು, ಕೆಡಿಸಿದ್ದೆಲ್ಲ ಪಾದ್ರಿಗಳು ಮತ್ತು ರಾಜರು ಅಂತಾಗುತ್ತದೆ. ಅದು ಸುಳ್ಳು. 1506ರ ಏಪ್ರಿಲ್‌ನಲ್ಲಿ ಲಿಸ್ಬನ್‌ನಲ್ಲಿ ಬರಗಾಲ, ಪ್ಲೇಗು. ಚರ್ಚಿನಲ್ಲಿ ಪವಾಡದ ಬೆಳಕು ಕಂಡಿತು ಅಂತ ಗುಲ್ಲು. ಅದು ಬರೀ ಮೇಣದಬತ್ತಿಯ ಬೆಳಕಿರಬಹುದು ಅಂತ ಯಹೂದಿ ಮೂಲದ ಕ್ರೈಸ್ತನೊಬ್ಬ ಅಂದನಂತೆ. ಅಷ್ಟು ಸಾಕಾಯಿತು. ಮೂರು ದಿನದಲ್ಲಿ ಅಂಥ ಯಹೂದಿ ಮೂಲದ ಸುಮಾರು ಎರಡು ಸಾವಿರ ಜನರನ್ನು ಕೊಂದರು. ಸನ್ಯಾಸಿಗಳು ಹುರಿದುಂಬಿಸಿದ್ದು ನಿಜ, ಆದರೆ ಕೊಂದವರು ಊರ ಜನ, ಬಂದರಿನ ನಾವಿಕರು. ರಾಜ ಮನುಎಲ್ ಆಮೇಲೆ ಸಿಕ್ಕಿಬಿದ್ದವರನ್ನು ಗಲ್ಲಿಗೇರಿಸಿದ. ಇನ್ನೊಂದು ಮಾತು. ಸಹನೆಯ ಒಂದೊಂದು ಮಾತಿನ ಹಿಂದೆಯೂ ಅದನ್ನು ಕೇಳಿಸಿಕೊಂಡು ಹೋಗಿ ಚುಚ್ಚಿದ ಒಬ್ಬ ನೆರೆಯವನಿದ್ದಾನೆ. ಅವನೂ ಸಾಮಾನ್ಯ ಮನುಷ್ಯನೇ. ಭಯ, ಹಳೆಯ ದ್ವೇಷ, ನಿಜವಾದ ಭಕ್ತಿ, ಏನೋ ಒಂದು. ಆ ಚಾಡಿ ಇಲ್ಲದಿದ್ದರೆ ನಮಗೆ ಈ ಮಾತುಗಳೇ ಸಿಗುತ್ತಿರಲಿಲ್ಲ.

ಓದಿದವರು ಸುಮ್ಮನಿದ್ದರೇ? ಇಲ್ಲ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಚರ್ಚಿನ ಹೊರಗಿರುವ ಯಹೂದಿ, ಅನ್ಯಧರ್ಮೀಯ ಎಲ್ಲರಿಗೂ ನಿತ್ಯ ಬೆಂಕಿ ಅಂತ ಕಟ್ಟುನಿಟ್ಟಾಗಿ ಹೇಳಿತ್ತು. ಐವತ್ತು ವರ್ಷದಲ್ಲೇ ಕೊಲಂಬಸ್ ಅಮೆರಿಕ ಮುಟ್ಟಿದ. ಯೇಸುವಿನ ಹೆಸರೇ ಕೇಳದ ಅಷ್ಟೊಂದು ಜನ! ಕೇಳದೇ ಇದ್ದದ್ದು ಅವರ ತಪ್ಪೇ? ಸಾಲಮಾಂಕಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ಕೊ ದೆ ವಿತೋರಿಯಾ 1539ರಲ್ಲಿ ಅಂಥ ಅಜ್ಞಾನ ಪಾಪವಲ್ಲ ಅಂದರು. ದೊಡ್ಡ ಹೆಜ್ಜೆಯೇ. ಆದರೆ ಪಂಡಿತರ ವಿನಾಯಿತಿಗೂ ಹಳ್ಳಿಯವರ ಮಾತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಪಂಡಿತರು ದೂರದ, ಏನೂ ತಿಳಿಯದ ಮನುಷ್ಯನಿಗೆ ಮಾಫಿ ಕೊಟ್ಟರು. ಹಳ್ಳಿಯವರು ಮಾತಾಡುತ್ತಿದ್ದುದು ಪಕ್ಕದ ಮನೆಯವನ ಬಗ್ಗೆ. ಅವನಿಗೆ ಯೇಸುವೂ ಗೊತ್ತು, ಚರ್ಚೂ ಗೊತ್ತು, ಗೊತ್ತಿದ್ದೂ ಬೇಡ ಅಂದಿದ್ದಾನೆ. ಅವನಿಗೂ ಸದ್ಗತಿ ಅನ್ನುವುದು ಹೆಚ್ಚು ಧೈರ್ಯದ ಮಾತು.

ಚರ್ಚಿನ ನಿಲುವು ಬದಲಾದದ್ದು ಬಹಳ ನಿಧಾನವಾಗಿ. ಒಂದು ತಮಾಷೆ ಹೇಳಬೇಕು. ಚರ್ಚಿನ ಹೊರಗೆ ಯಾರಿಗೂ ಮೋಕ್ಷ ಇಲ್ಲವೇ ಇಲ್ಲ ಅಂತ 1940ರ ದಶಕದಲ್ಲಿ ಬಾಸ್ಟನ್ ಕಡೆ ಲಿಯೊನಾರ್ಡ್ ಫೀನಿ ಎಂಬ ಪಾದ್ರಿ ಪಟ್ಟು ಹಿಡಿದು ಕೂತ. 1949ರಲ್ಲಿ ರೋಮಿನಿಂದ ಕಾಗದ ಬಂತು, ಅಷ್ಟು ಬಿಗಿಯಾಗಿ ಅರ್ಥ ಮಾಡಬಾರದು ಅಂತ. ರೋಮಿಗೆ ಕರೆದರೂ ಫೀನಿ ಹೋಗಲಿಲ್ಲ. 1953ರಲ್ಲಿ ಅವನಿಗೆ ಬಹಿಷ್ಕಾರ. ಹುಕುಂ ಮೀರಿದ್ದು ಅಧಿಕೃತ ಕಾರಣ. ಆ ಕಾಗದ ಬರೆದ ಕಚೇರಿ ಯಾವುದು? 1542ರಲ್ಲಿ ಶುರುವಾದ ರೋಮಿನ ಇನ್‌ಕ್ವಿಸಿಷನ್ನೇ, ಹೊಸ ಹೆಸರಿನಲ್ಲಿ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಬೇರೆ ಧರ್ಮಗಳಲ್ಲಿ ನಿಜವೂ ಪವಿತ್ರವೂ ಆದದ್ದನ್ನು ಚರ್ಚು ತಳ್ಳಿಹಾಕುವುದಿಲ್ಲ ಅಂತ ಘೋಷಿಸಿತು. ಹಿಂದೂ, ಬೌದ್ಧ ಧರ್ಮಗಳ ಹೆಸರು ಹಿಡಿದೇ ಹೇಳಿತು. ಆದರೂ ಎಲ್ಲವೂ ಸಮಾನ ದಾರಿಗಳು ಅಂತ ಅದು ಹೇಳಲಿಲ್ಲ. ಫ್ರಾನ್ಸಿಸ್ ಸಿಂಗಪುರದಲ್ಲಿ ದಾಟಿದ್ದು ಆ ಗೆರೆಯನ್ನು, ಅಥವಾ ದಾಟಿದರು ಅಂತ ವಿರೋಧಿಗಳಿಗೆ ಅನ್ನಿಸಿತು.

ಈ ಕಥೆಗೆ ನಮ್ಮ ಕರಾವಳಿಯ ಕಡೆಗೂ ಒಂದು ಕೊಂಡಿ ಇದೆ. ಗೋವಾದಲ್ಲಿ ಇನ್‌ಕ್ವಿಸಿಷನ್ ಬಂದದ್ದು 1560ರಲ್ಲಿ, ನಡುವೆ ನಾಲ್ಕು ವರ್ಷ ಮುಚ್ಚಿ, ಕೊನೆಗೆ ನಿಂತದ್ದು 1812ರಲ್ಲಿ. ಸ್ಪೇನಿನ ರೈತ ಏನಂದ ಅಂತ ನಾವು ಓದಬಹುದು. ಗೋವಾದ ರೈತ ಏನಂದ ಅಂತ ಓದುವುದು ಕಷ್ಟ. ಮುಚ್ಚುವಾಗ ವಿಚಾರಣೆಯ ಕಡತಗಳಲ್ಲಿ ಬಹುಪಾಲು ಸುಟ್ಟುಹಾಕಿದರು. ಹಾಗಾಗಿ ಇಲ್ಲಿ ಜನರ ಮಾತಿನ ಬದಲು ನಡತೆ ನೋಡಬೇಕು. ದೇವಸ್ಥಾನ ಕೆಡವುವ ಮುಂಚೆ ದೇವರುಗಳನ್ನು ರಾತ್ರೋರಾತ್ರಿ ನದಿ ದಾಟಿಸಿದ್ದರು. ಕುಶಸ್ಥಳಿಯ ಮಂಗೇಶ, ಕೆಳಶಿಯ ಶಾಂತಾದುರ್ಗೆ, ವೆರ್ಣೆಯ ಮಹಾಲಸೆ ಹೀಗೆ ಆಚೆ ದಡದ ಫೋಂಡಾ ಸೀಮೆ ಸೇರಿದರು. ಅದು ಆಗ ಬಿಜಾಪುರದ ಆದಿಲ್‌ಶಾಹಿಗಳದು, ಆಮೇಲೆ ನಮ್ಮ ಸೋದೆ ಅರಸರದು. ಮತಾಂತರವಾದವರೂ ಹಳೆಯ ದೇವರಿಗೆ ಹರಕೆ ಒಪ್ಪಿಸುವುದು ನಿಲ್ಲಲಿಲ್ಲ. ನಿಲ್ಲಿಸಲು ಆದೇಶದ ಮೇಲೆ ಆದೇಶ. 1736ರ ಒಂದು ಫರ್ಮಾನು ಮದುವೆಯಲ್ಲಿ ಅರಿಶಿನ ಹಚ್ಚುವುದು, ವೀಳ್ಯ ಹಂಚುವುದು, ಮನೆ ಮುಂದೆ ತುಳಸಿ ಬೆಳೆಸುವುದು, ಉಪ್ಪಿಲ್ಲದೆ ಅನ್ನ ಮಾಡುವುದು ಇದನ್ನೆಲ್ಲ ನಿಷೇಧಿಸಿತು. ಪಟ್ಟಿ ಓದಿದರೆ ನಿಷೇಧಕ್ಕಿಂತ ಜಾಸ್ತಿ, ಇನ್ನೂರು ವರ್ಷ ಆದರೂ ಏನೇನು ಬಿಟ್ಟಿರಲಿಲ್ಲ ಅನ್ನುವುದು ತಿಳಿಯುತ್ತದೆ.

ಇನ್‌ಕ್ವಿಸಿಷನ್, ಬರ, ರೋಗ, ಮರಾಠರ ದಾಳಿ ಎಲ್ಲ ಸೇರಿ ಎಷ್ಟೋ ಕೊಂಕಣಿ ಕುಟುಂಬಗಳು ಕೆನರಾಕ್ಕೆ ಬಂದವು. ಹಿಂದೂಗಳೂ, ಕ್ಯಾಥೋಲಿಕರೂ. ಕೆಳದಿ ನಾಯಕರು ಭೂಮಿ ಕೊಟ್ಟರು. ಮಂಗಳೂರು ಕಡೆಯ ಕ್ಯಾಥೋಲಿಕ್ ಮದುವೆಯ ರೋಸ್ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಮದುವೆಯ ಹಿಂದಿನ ದಿನ ತೆಂಗಿನಹಾಲು ಹಚ್ಚುವ ಆ ಶಾಸ್ತ್ರ ಯಾವ ಬೈಬಲ್‌ನಲ್ಲೂ ಇಲ್ಲ. ಇದು ತಮ್ಮ ಸಂಪ್ರದಾಯ ಉಳಿಸಿಕೊಂಡ ಕಥೆ, ಇನ್ನೊಬ್ಬರ ಧರ್ಮವನ್ನು ಗೌರವಿಸಿದ ಕಥೆ ಅಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಎರಡನ್ನೂ ಬೆರೆಸಬಾರದು. ಆದರೆ ಒಂದು ಇರುವ ಕಡೆ ಇನ್ನೊಂದಕ್ಕೆ ಜಾಗ ಸುಲಭ.

ಗೋವಾದ ಮಾಪುಸಾದ ಮಿಲಾಗ್ರಿಸ್ ಸಾಯಿಬಿಣಿಯನ್ನು, ಅಂದರೆ ಅಲ್ಲಿನ ಚರ್ಚಿನ ಮೇರಿಮಾತೆಯನ್ನು, ಹಿಂದೂಗಳು ಶಿರಗಾವಿನ ಲಯ್ರಾಯಿ ದೇವಿಯ ತಂಗಿ ಅನ್ನುತ್ತಾರೆ, ಹಬ್ಬಕ್ಕೆ ಎಣ್ಣೆ ಹೊತ್ತು ಹೋಗುತ್ತಾರೆ. ಗೋವಾದ್ದೇ ಇನ್ನೊಂದು ಊರು ಕುಂಕಳ್ಳಿಯದು ಇನ್ನೂ ಗಟ್ಟಿ. 1583ರ ಜುಲೈನಲ್ಲಿ ದೇವಸ್ಥಾನ ಕಳೆದುಕೊಂಡ ಊರಿನವರು ಜೆಸ್ವಿಟ್ ಎಂಬ ಕ್ಯಾಥೋಲಿಕ್ ಸನ್ಯಾಸಿ ಸಂಘದ ಐವರನ್ನು ಕೊಂದರು. ಅಕ್ಬರನ ಆಸ್ಥಾನದಲ್ಲಿ ಇದ್ದು ಬಂದಿದ್ದ ರೊದೊಲ್ಫೊ ಅಕ್ವಾವಿವಾ ಅವರಲ್ಲೊಬ್ಬರು. ಆಮೇಲೆ ಮಾತುಕತೆಗೆ ಅಂತ ಕರೆಸಿ ಪೋರ್ಚುಗೀಸರು ಊರಿನ ಗಾಂವಕಾರರನ್ನು, ಅಂದರೆ ಮುಖಂಡರನ್ನು, ಅಸೋಳ್ಣಾ ಕೋಟೆಯಲ್ಲಿ ಕೊಂದರು. ದೇವಿ ಶಾಂತಾದುರ್ಗೆ ಫಾತರ್ಪೆಗೆ ಹೋದಳು. ಊರು ಹೆಚ್ಚುಕಮ್ಮಿ ಕ್ರೈಸ್ತವಾಯಿತು. ಈಗಲೂ ಶಿಗ್ಮೋ (ಗೋವಾದ ಹೋಳಿ) ಸಮಯದಲ್ಲಿ ದೇವಿ ಪಲ್ಲಕ್ಕಿಯಲ್ಲಿ ಕುಂಕಳ್ಳಿಗೆ ಬರುತ್ತಾಳೆ. ಮುಂದೆ ಬಣ್ಣಬಣ್ಣದ ಹನ್ನೆರಡು ಕೊಡೆಗಳು, ಹನ್ನೆರಡು ಗಾಂವಕಾರ ಮನೆತನಗಳ ಲೆಕ್ಕಕ್ಕೆ. ಅವುಗಳಲ್ಲಿ ಕೆಲವು ಮನೆತನಗಳು ಕ್ಯಾಥೋಲಿಕ್. ಗುಲಾಲು ಹಾರುತ್ತಿರುತ್ತದೆ, ಬಿಸಿಲು ಜೋರು. ಕೊಡೆ ಎಣಿಸಿ ನೋಡಿದರೆ ಹನ್ನೆರಡೂ ಇರುತ್ತವೆ.